ಮೃದುವಾದ ಬಟ್ಟೆ ನೀರನ್ನೇಕೆ ಹೀರದು?

ವಾರ್ಷಿಕ ಪ್ರಯೋಗಪರೀಕ್ಷೆಯ ದಿನ. ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ಹತ್ತು ಹನ್ನೆರಡು ಮಂದಿ ವಿದ್ಯಾರ್ಥಿಗಳು ಸ್ಪೆಕ್ಟ್ರೋಮೀಟರುಗಳ ಮುಂದೆ ನಿಂತು ಗಾಜಿನ ಪಟ್ಟಕಗಳ ಕೋನವನ್ನು ಅಳೆಯುತ್ತಿದ್ದರು. ಸ್ವಲ್ಪ ಹೊತ್ತಿನಲ್ಲೇ ಒಬ್ಬೊಬ್ಬರಾಗಿ ದೂರು ತಂದರು. ದೂರದರ್ಶಕದಲ್ಲಿ ಕಾಣಬೇಕಾದ ಬೆಳಕಿನ ಸೀಳು ಸ್ಫುಟವಾಗಿರದೆ ಮಂಜಿನೊಳಗಣ ದೀಪದಂತೆ ಮಸಕಾಗಿ ಕಾಣುತ್ತಿತ್ತು. ಪಟ್ಟಕವೊಂದನ್ನು ಎತ್ತಿ ಬೆಳಕಿಗೆ ಹಿಡಿದೆ. ಅದರ ಮುಖಗಳ ಮೇಲೆ ಜಿಡ್ಡಿನ ಗೆರೆಗಳು. ಒರಸುವ ಬಟ್ಟೆಯಿಂದ ಉಜ್ಜಿದೆ. ಗೆರೆಗಳು ಹೋಗುವ ಬದಲು ಇನ್ನಷ್ಟು ಹರಡಿದುವು.

ಮಸೂರ ಪಟ್ಟಕಗಳನ್ನು ಒರಸುವುದಕ್ಕೆಂದು ನಾವು ಮೈಕ್ರೋಫೈಬರ್ ಎಂಬ ನಯವಾದ ಬಟ್ಟೆಯ ಚೌಕಗಳನ್ನು ಇಟ್ಟಿದ್ದೇವೆ. ಅವನ್ನು ನೋಡಿಕೊಳ್ಳುವವರು ನಮ್ಮ ಪ್ರಯೋಗಶಾಲೆಯ ಸಹಾಯಕರು. ನಾನು ಅವರನ್ನು ಕರೆದು, ಎಣ್ಣೆಗೈಯಿಂದ ಗಾಜನ್ನು ಮುಟ್ಟಿದಿರೆಂದು ವಿದ್ಯಾರ್ಥಿಗಳ ಎದುರಿನಲ್ಲಿಯೇ ಗದರಿಸಿದೆ. ಅವರು ಮಾತನಾಡಲಿಲ್ಲ. ಸ್ಪಿರಿಟಿನಲ್ಲಿ ಹತ್ತಿಯನ್ನು ಅದ್ದಿ ತಂದು ಪಟ್ಟಕಗಳನ್ನೆಲ್ಲ ಮತ್ತೆ ಒರಸಿಟ್ಟರು. ಪರೀಕ್ಷೆ ಹೇಗೋ ಮುಗಿಯಿತು.

ಸಂಜೆ ಬೀಗ ಹಾಕುವ ಹೊತ್ತಿಗೆ ನನ್ನ ಕೈಯಲ್ಲಿದ್ದ ಲೋಟದಿಂದ ಒಂದು ಹನಿ ನೀರು ಮೇಜಿನ ಮೇಲಿದ್ದ ಚೌಕವೊಂದರ ಮೇಲೆ ಬಿದ್ದಿತು. ಬಿದ್ದ ಹನಿ ಬಟ್ಟೆಯೊಳಗೆ ಇಂಗಲಿಲ್ಲ. ಕೆಸುವಿನ ಎಲೆಯ ಮೇಲಿನ ಮುತ್ತಿನಂತೆ ಗುಂಡಾಗಿ ನಿಂತಿತು. ನೀರನ್ನು ಹೀರುವುದಕ್ಕೆಂದೇ ಹುಟ್ಟಿದ ಬಟ್ಟೆ ನೀರನ್ನು ಮುಟ್ಟಲೊಲ್ಲದು! ಸಹಾಯಕರನ್ನು ವಿಚಾರಿಸಿದೆ. ಪರೀಕ್ಷೆಗೆ ಚೌಕಗಳು ಚೊಕ್ಕಟವಾಗಿರಲೆಂದು ಕೆಲವು ತಿಂಗಳಿಂದ ಅವನ್ನು ತಮ್ಮ ಮನೆಗೆ ಒಯ್ದು, ಮನೆಯ ಬಟ್ಟೆಗಳೊಡನೆ ಯಂತ್ರದಲ್ಲಿ ಒಗೆದು, ಕೊನೆಯಲ್ಲಿ ಬಟ್ಟೆಯನ್ನು ಮೃದುಮಾಡುವ ಸುವಾಸನೆಯ ದ್ರವವನ್ನೂ ಹಾಕಿ, ಮಡಿಸಿ ತರುತ್ತಿದ್ದರು. ಚೌಕಗಳು ಹಿಂದೆಂದಿಗಿಂತಲೂ ಮೆತ್ತಗಿದ್ದುವು. ತಪ್ಪು ಕೈಯದಲ್ಲ, ಆ ದ್ರವದ್ದು. ಲೋಮನಾಳದ ಪಾಠವನ್ನು ಎಂಟು ವರ್ಷಗಳಿಂದ ಹೇಳುತ್ತಿದ್ದ ನನಗೆ, ಆ ಪಾಠ ಕಣ್ಣೆದುರಿಗೆ ಬಂದು ನಿಂತಾಗ ಗುರುತು ಸಿಕ್ಕಲಿಲ್ಲ. ಆ ಪಾಠವನ್ನು ಇಲ್ಲಿ ಇನ್ನೊಮ್ಮೆ ಹೇಳುತ್ತೇನೆ.

ಬತ್ತಿ ಕಲಿಸುವ ಪಾಠ

ಬಟ್ಟೆ ನೀರನ್ನು ಹೀರುವುದೆಂದರೇನು? ದೇವರ ಮನೆಯ ದೀಪವನ್ನು ನೋಡಿ. ಹಣತೆಯಲ್ಲಿರುವ ಎಣ್ಣೆ ಕೆಳಗೆ, ಉರಿ ಮೇಲೆ; ಆದರೂ ಎಣ್ಣೆ ಯಾರೂ ಎತ್ತದೆಯೇ ಬತ್ತಿಯ ತುದಿಗೆ ಏರುವುದು. ಬತ್ತಿಯ ಎಳೆಗಳ ನಡುವಣ ಸಂದುಗಳು ಕೂದಲಿನಂಥ ಸಣ್ಣ ಕೊಳವೆಗಳಂತೆ ವರ್ತಿಸುತ್ತವೆ. ಇಂಥ ಕೊಳವೆಗಳಿಗೆ ಲೋಮನಾಳಗಳೆಂದು ಹೆಸರು, ಲೋಮವೆಂದರೆ ಕೂದಲು. ಒರಸುವ ಬಟ್ಟೆಯೂ ಲೋಮನಾಳಗಳ ಒಂದು ಕಂತೆಯೇ. ಎಳೆಯೊಳಕ್ಕೆ ಇಳಿಯುವ ನೀರು ಕೊಂಚವಾದರೆ, ಎಳೆ ಎಳೆಗಳ ನಡುವೆ ನಿಲ್ಲುವ ನೀರು ಬಹಳ.

ನೀರು ಹೀಗೆ ಏರುವುದಕ್ಕೆ ಎರಡು ಬಲಗಳು ಕಾರಣ. ನೀರಿನ ಅಣುಗಳಿಗೆ ಪರಸ್ಪರ ಆಕರ್ಷಣೆಯುಂಟು. ಇದರಿಂದ ನೀರಿನ ಮೇಲ್ಮೈ ಬಿಗಿದ ತೊಗಲಿನಂತೆ ಕುಗ್ಗಲು ಯತ್ನಿಸುವುದು. ಇದೇ ಮೇಲ್ಮೈ ಕರ್ಷಣ. ನೀರಿನ ಅಣುಗಳಿಗೆ ಕೊಳವೆಯ ಗೋಡೆಯ ಮೇಲೆಯೂ ಆಕರ್ಷಣೆ ಇರಬಹುದು. ಗೋಡೆಯ ಆಕರ್ಷಣೆ ಪ್ರಬಲವಾಗಿದ್ದರೆ ನೀರು ಗೋಡೆಯ ಮೇಲೆ ಹರಡಿಕೊಳ್ಳುವುದು; ದುರ್ಬಲವಾಗಿದ್ದರೆ ತನ್ನಲ್ಲೇ ಮುದುಡಿಕೊಂಡು ಗುಂಡಾಗುವುದು. ಹನಿಯ ಅಂಚು ನೆಲೆಯೊಡನೆ ಮಾಡುವ ಕೋನವನ್ನು ಅಳೆದರೆ ಈ ಎರಡು ಬಲಗಳಲ್ಲಿ ಯಾವುದರ ಕೈ ಮೇಲೆಂಬುದು ತಿಳಿಯುತ್ತದೆ. ಇದಕ್ಕೆ ಸ್ಪರ್ಶಕೋನವೆಂದು ಹೆಸರು. ಇಂಗ್ಲೆಂಡಿನ ಥಾಮಸ್ ಯಂಗ್ ೧೮೦೫ರಲ್ಲಿ ಈ ಕೋನದ ಮಹತ್ತ್ವವನ್ನು ವಿವರಿಸಿದನು. ಚೊಕ್ಕಟವಾದ ಗಾಜಿನ ಮೇಲೆ ನೀರಿನ ಸ್ಪರ್ಶಕೋನ ಸೊನ್ನೆಗೆ ಹತ್ತಿರ; ಮೇಣದ ಮೇಲೆ ೯೦ ಡಿಗ್ರಿಗೂ ಹೆಚ್ಚು; ಕೆಸುವಿನ ಎಲೆಯ ಮೇಲೆ ಅದಕ್ಕಿಂತಲೂ ಬಹಳ ಹೆಚ್ಚು.

ಕೊಳವೆಯಲ್ಲಿ ನೀರು ಎಷ್ಟು ಎತ್ತರಕ್ಕೆ ಏರುವುದು? ಕೊಳವೆ ಸಣ್ಣದಾದಷ್ಟೂ ಏರಿಕೆ ಹೆಚ್ಚೆಂಬ ನಿಯಮವನ್ನು ಜೇಮ್ಸ್ ಜ್ಯೂರಿನ್ ೧೭೧೮ರಲ್ಲಿ ಪ್ರಕಟಿಸಿದನು. ಗೋಡೆಯನ್ನು ನೀರು ಪೂರ್ತಿಯಾಗಿ ತೋಯಿಸುತ್ತದೆಂದು ಭಾವಿಸಿ ಲೆಕ್ಕ ಹಾಕೋಣ. ನೀರಿನ ಮೇಲ್ಮೈ ಕರ್ಷಣ ೨೫ ಡಿಗ್ರಿ ಉಷ್ಣತೆಯಲ್ಲಿ ಮೀಟರಿಗೆ ೦.೦೭೨ ನ್ಯೂಟನ್. ಅರ್ಧ ಮಿಲಿಮೀಟರ್ ತ್ರಿಜ್ಯದ ಕೊಳವೆಯಲ್ಲಿ ನೀರು ಸುಮಾರು ೩ ಸೆಂಟಿಮೀಟರ್ ಏರುವುದು. ತ್ರಿಜ್ಯ ಅದರ ಹತ್ತನೆಯ ಒಂದು ಪಾಲಾದರೆ ೨೯ ಸೆಂಟಿಮೀಟರ್. ನೂರನೆಯ ಒಂದು ಪಾಲಾದರೆ, ಎಂದರೆ ೫ ಮೈಕ್ರೋಮೀಟರಾದರೆ, ೨.೯ ಮೀಟರ್! ಮೈಕ್ರೋಮೀಟರೆಂಬುದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಇಷ್ಟು ಕಿರಿದಾದ ಸಂದಿಗೆ ನೀರನ್ನು ಆಳೆತ್ತರಕ್ಕೂ ಮೀರಿ ಎಳೆದುಕೊಳ್ಳುವ ಶಕ್ತಿಯುಂಟೆಂದಾಯಿತು.

ಆದರೆ ಈ ಲೆಕ್ಕಕ್ಕೆ ಇನ್ನೊಂದು ಗುಣಕವುಂಟು. ನೀರು ಗೋಡೆಯನ್ನು ಪೂರ್ತಿ ತೋಯಿಸದಿದ್ದರೆ, ಬಂದ ಎತ್ತರವನ್ನು ಸ್ಪರ್ಶಕೋನದ ಕೊಸೈನಿನಿಂದ ಗುಣಿಸಬೇಕು. ಸೊನ್ನೆ ಡಿಗ್ರಿಯ ಕೊಸೈನ್ ೧. ೯೦ ಡಿಗ್ರಿಯ ಕೊಸೈನ್ ಸೊನ್ನೆ. ಕೋನ ೯೦ನ್ನು ದಾಟಿತೆಂದರೆ ಕೊಸೈನ್ ಋಣಸಂಖ್ಯೆಯಾಗುವುದು; ಆಗ ಕೊಳವೆ ನೀರನ್ನು ಎಳೆದುಕೊಳ್ಳುವ ಬದಲು ಹೊರಕ್ಕೆ ನೂಕುವುದು. ಈ ಗುಣಕವನ್ನು ನೆನಪಿನಲ್ಲಿಡಿ. ನಮ್ಮ ಚೌಕಗಳ ಕಥೆಯೆಲ್ಲ ಇದರಲ್ಲಿಯೇ ಅಡಗಿದೆ.

ಕೂದಲಿಗಿಂತ ಸಣ್ಣ ಎಳೆ

ಈಗ ಮೈಕ್ರೋಫೈಬರಿನ ಕಡೆಗೆ ಬರೋಣ. ಎಳೆಗಳ ಸಣ್ಣತನವನ್ನು ಹೇಳುವುದಕ್ಕೆ ನೆಯ್ಗೆಯವರು ಡೆನಿಯರ್ ಎಂಬ ಮಾನವನ್ನು ಬಳಸುತ್ತಾರೆ. ೯,೦೦೦ ಮೀಟರ್ ಉದ್ದದ ಎಳೆ ಎಷ್ಟು ಗ್ರಾಮ್ ತೂಗುವುದೋ ಅದು ಅಷ್ಟು ಡೆನಿಯರಿನದು. ಒಂದು ಡೆನಿಯರಿಗಿಂತಲೂ ಸಣ್ಣದಾದ ಎಳೆಯನ್ನು ಸಾಮಾನ್ಯವಾಗಿ ಮೈಕ್ರೋಫೈಬರೆಂದು ಕರೆಯುವರು. ಪಾಲಿಯೆಸ್ಟರಿನ ಒಂದು ಡೆನಿಯರ್ ಎಳೆಯ ವ್ಯಾಸ ಸುಮಾರು ೧೦ ಮೈಕ್ರೋಮೀಟರ್. ನಮ್ಮ ತಲೆಗೂದಲು ಸಾಧಾರಣವಾಗಿ ಇದರ ಐದರಿಂದ ಹತ್ತರಷ್ಟು ದಪ್ಪ.

ಇಷ್ಟು ಸಣ್ಣ ಎಳೆಯನ್ನು ನೇರವಾಗಿ ತೆಗೆದು ನೇಯುವುದು ಕಷ್ಟ. ಜಪಾನಿನ ಟೋರೆ ಸಂಸ್ಥೆಯಲ್ಲಿ ಮಿಯೊಶಿ ಒಕಾಮೊಟೊ ಎಂಬ ವಿಜ್ಞಾನಿ ಇದಕ್ಕೆ ಒಂದು ಜಾಣ್ಮೆಯ ಉಪಾಯ ಹೂಡಿದನು. ಕಡಲಿನಲ್ಲಿ ದ್ವೀಪಗಳಿರುವಂತೆ, ಒಂದು ಪದಾರ್ಥದ ದಪ್ಪ ಎಳೆಯೊಳಗೆ ಇನ್ನೊಂದು ಪದಾರ್ಥದ ಅನೇಕ ಸಣ್ಣ ಎಳೆಗಳನ್ನು ಹುದುಗಿಸಿ, ಬಳಿಕ ಕಡಲನ್ನು ಮಾತ್ರ ಕರಗಿಸಿ ತೆಗೆದರೆ ದ್ವೀಪಗಳು ಉಳಿಯುವುವು. ೧೯೭೦ರಲ್ಲಿ ಈ ಬಗೆಯ ಎಳೆಗಳಿಂದ ಮೃದುಚರ್ಮವನ್ನು ಹೋಲುವ ಬಟ್ಟೆ ಸಿದ್ಧವಾಯಿತು. ಒರಸುವ ಬಟ್ಟೆಗಳಲ್ಲಿ ಬಳಸುವ ಉಪಾಯ ಇದಕ್ಕೆ ಸೋದರ. ಪಾಲಿಯೆಸ್ಟರನ್ನೂ ನೈಲಾನ್ ಜಾತಿಯ ಪಾಲಿಅಮೈಡನ್ನೂ ಒಟ್ಟಿಗೆ ಒಂದೇ ಎಳೆಯಾಗಿ ತೆಗೆದು, ನೇಯ್ದು, ಆಮೇಲೆ ಆ ಎಳೆಯನ್ನು ಸೀಳುತ್ತಾರೆ. ಕಿತ್ತಳೆಯ ಹಣ್ಣು ತೊಳೆತೊಳೆಯಾಗಿ ಬಿಡಿಸಿಕೊಳ್ಳುವಂತೆ ಎಳೆ ಸೀಳಿಕೊಂಡು, ಚೂಪಾದ ಅಂಚುಗಳುಳ್ಳ ಅನೇಕ ಚೂರೆಳೆಗಳಾಗುವುದು. ಇಂಥ ಬಟ್ಟೆಯ ಚೀಟಿಯ ಮೇಲೆ ಪಾಲಿಯೆಸ್ಟರ್ ೮೦, ಪಾಲಿಅಮೈಡ್ ೨೦ ಎಂಬ ಪ್ರಮಾಣವನ್ನು ನೀವು ನೋಡಿರಬಹುದು.

ಸೀಳುವುದರಿಂದ ಏನು ಲಾಭ? ಒಂದು ದುಂಡು ಎಳೆಯನ್ನು ಅಷ್ಟೇ ಉದ್ದದ ೧೬ ದುಂಡು ಎಳೆಗಳಾಗಿ ಮಾಡಿದರೆ ಒಟ್ಟು ತೂಕ ಬದಲಾಗುವುದಿಲ್ಲ, ಆದರೆ ಒಟ್ಟು ಮೈಯ ವಿಸ್ತಾರ ೧೬ರ ವರ್ಗಮೂಲದಷ್ಟು, ಎಂದರೆ ನಾಲ್ಕು ಪಟ್ಟು, ಹೆಚ್ಚುವುದು. ಇದನ್ನು ನೀವೇ ಸಾಧಿಸಿ ನೋಡಬಹುದು. ೧೦೦ ಗ್ರಾಮ್ ತೂಕದ ಚಿಕ್ಕ ಟವೆಲೊಂದನ್ನು ಮೂರು ಡೆನಿಯರಿನ ಪಾಲಿಯೆಸ್ಟರ್ ಎಳೆಯಿಂದ ಮಾಡಿದ್ದರೆ ಅದರ ಎಳೆಗಳ ಮೈಯ ವಿಸ್ತಾರ ಸುಮಾರು ೧೬.೫ ಚದರ ಮೀಟರ್. ಒಂದೊಂದು ಎಳೆಯನ್ನೂ ೧೬ ಆಗಿ ಸೀಳಿದರೆ ಸುಮಾರು ೬೬ ಚದರ ಮೀಟರ್. ಏಳುನೂರು ಚದರ ಅಡಿಯ ಒಂದು ಮನೆಯ ನೆಲದಷ್ಟು ಮೈ ನಿಮ್ಮ ಅಂಗೈಯಲ್ಲಿ ಮಡಿಸಿಕೊಂಡು ಕುಳಿತಿದೆ! ಎಳೆಗಳ ನಡುವಣ ಸಂದುಗಳೂ ಅಷ್ಟೇ ಕಿರಿದಾಗಿರುವುದರಿಂದ ಲೋಮನಾಳದ ಎಳೆತ ಹೆಚ್ಚುವುದು. ಚೂಪಾದ ಅಂಚುಗಳು ಗಾಜಿನ ಮೇಲಣ ಧೂಳನ್ನೂ ತೆಳುವಾದ ಜಿಡ್ಡನ್ನೂ ಕೆರೆದು ಸಂದಿನೊಳಕ್ಕೆ ಸೇರಿಸಿಕೊಳ್ಳುವುವು.

ಇಲ್ಲಿ ಒಂದು ಸೋಜಿಗವುಂಟು. ಹತ್ತಿಯ ನಾರು ಸ್ವಭಾವದಿಂದಲೇ ನೀರಿನ ಗೆಳೆಯ. ಚೆನ್ನಾಗಿ ಶುಚಿಮಾಡಿದ ಹತ್ತಿಯ ಮೇಲೆ ನೀರಿನ ಸ್ಪರ್ಶಕೋನ ಬಹಳ ಕಡಮೆ. ಪಾಲಿಯೆಸ್ಟರಾದರೋ ನೀರಿನ ವಿಷಯದಲ್ಲಿ ಉದಾಸೀನ. ಅದರ ಮೇಲೆ ಸ್ಪರ್ಶಕೋನ ಸುಮಾರು ೭೫ ಡಿಗ್ರಿ. ಹತ್ತಿಯ ಬಟ್ಟೆ ತನ್ನ ಪದಾರ್ಥದ ಗುಣದಿಂದ ನೀರನ್ನು ಹೀರಿದರೆ, ಮೈಕ್ರೋಫೈಬರ್ ಬಹುಮಟ್ಟಿಗೆ ತನ್ನ ಆಕಾರದ ಗುಣದಿಂದ ಹೀರುವುದು. ಆಕಾರ ಕೆಟ್ಟರೆ, ಇಲ್ಲವೆ ಮೈ ಇನ್ನಷ್ಟು ಜಿಡ್ಡಾದರೆ, ಅದಕ್ಕೆ ಬೇರೆ ಆಸರೆಯಿಲ್ಲ.

ಮೃದುಕಾರಕದ ಕೆಲಸ

ಅಂಗಡಿಗಳಲ್ಲಿ ಫ್ಯಾಬ್ರಿಕ್ ಸಾಫ್ಟನರ್ ಎಂದೋ ಫ್ಯಾಬ್ರಿಕ್ ಕಂಡೀಷನರ್ ಎಂದೋ ಮಾರುವ ದ್ರವವನ್ನು ನಾವು ಇಲ್ಲಿ ಮೃದುಕಾರಕವೆಂದು ಕರೆಯೋಣ. ನಮ್ಮ ಅಜ್ಜಿಯರು ಸೀರೆಗೆ ಗಂಜಿ ಹಾಕಿ ಗರಿಗರಿಯಾಗಿ ಮಾಡುತ್ತಿದ್ದರು. ಇದು ಅದಕ್ಕೆ ನೇರ ವಿರುದ್ಧವಾದ ಕೆಲಸ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ, ಬಣ್ಣ ಹಾಕಿದ ಮೇಲೆ ಒರಟಾಗುತ್ತಿದ್ದ ಹತ್ತಿಯ ಬಟ್ಟೆಯನ್ನು ಮೆತ್ತಗೆ ಮಾಡುವುದಕ್ಕೆ ಗಿರಣಿಗಳಲ್ಲಿ ಸಾಬೂನು, ನೀರು, ಎಣ್ಣೆ ಅಥವಾ ಕೊಬ್ಬುಗಳನ್ನು ಕಲಸಿ ಬಳಸುತ್ತಿದ್ದರು. ಅದೇ ಬಳಿಕ ರೂಪಾಂತರ ಹೊಂದಿ, ೧೯೫೦ರ ದಶಕದಿಂದೀಚೆಗೆ ಅಮೆರಿಕದ ಮನೆಗಳನ್ನೂ ಕ್ರಮೇಣ ಇತರ ದೇಶಗಳ ಮನೆಗಳನ್ನೂ ಹೊಕ್ಕಿತು.

ಒಗೆದು ಒಣಗಿಸಿದ ಹತ್ತಿಯ ಟವೆಲು ಸೆಟೆದುಕೊಳ್ಳುವುದೇಕೆ? ಬಿಸಿಲಿನಲ್ಲಿ ಹಗ್ಗದ ಮೇಲೆ ಒಣಗಿಸಿದ ಟವೆಲು ಹಪ್ಪಳದಂತಾಗುವುದನ್ನು ನಾವೆಲ್ಲರೂ ಬಲ್ಲೆವು. ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯ ಮತ್ತು ಕಾವೊ ಸಂಸ್ಥೆಯ ಸಂಶೋಧಕರು ೨೦೨೦ರಲ್ಲಿ ಪ್ರಕಟಿಸಿದ ಕೆಲಸದಿಂದ ಇದರ ಕಾರಣ ಸ್ಪಷ್ಟವಾಗಿದೆ. ಒಣಗಿತೆಂದು ನಾವು ತಿಳಿದ ಹತ್ತಿಯ ನಾರಿನ ಮೈಮೇಲೆಯೂ ಒಂದಿಷ್ಟು ನೀರು ಬಿಡದೆ ಅಂಟಿಕೊಂಡಿರುತ್ತದೆ. ಈ ಬಂಧಿತ ಜಲವೇ ಅಂಟಿನಂತೆ ನಾರುನಾರುಗಳನ್ನು ಕೂಡಿಸಿ ಬಲೆಯಾಗಿ ಬಿಗಿಯುವುದು.

ಮೃದುಕಾರಕ ಈ ಬಲೆಯನ್ನು ತಪ್ಪಿಸುತ್ತದೆ. ದ್ರವದ ಬಹುಭಾಗ ಬರಿಯ ನೀರು. ಅದರಲ್ಲಿ ಹರಡಿಕೊಂಡಿರುವ ಮುಖ್ಯ ಪದಾರ್ಥದ ಅಣುವಿಗೆ ಒಂದು ತಲೆ, ಎರಡು ಉದ್ದನೆಯ ಬಾಲ. ತಲೆಯಲ್ಲಿ ಧನ ವಿದ್ಯುದಂಶ ಹೊತ್ತ ನೈಟ್ರೋಜನ್ ಇರುತ್ತದೆ. ಬಾಲಗಳು ಪಶುಗಳ ಕೊಬ್ಬಿನಿಂದಲೋ ತಾಳೆಯ ಎಣ್ಣೆಯಿಂದಲೋ ಬಂದ, ಹದಿನಾರು ಹದಿನೆಂಟು ಕಾರ್ಬನ್ ಪರಮಾಣುಗಳ ಸರಪಳಿಗಳು. ನೀರಿಗೆ ಒಗ್ಗದ ಜಿಡ್ಡಿನ ಬಾಲಗಳು. ಹತ್ತಿಯಾಗಲಿ ಪಾಲಿಯೆಸ್ಟರಾಗಲಿ ನೀರಿನಲ್ಲಿ ಮುಳುಗಿದಾಗ ಅದರ ಮೈಯಲ್ಲಿ ಕೊಂಚ ಋಣ ವಿದ್ಯುದಂಶ ತಲೆದೋರುವುದು. ಧನವೂ ಋಣವೂ ಆಕರ್ಷಿಸಿಕೊಳ್ಳುವುದರಿಂದ ಅಣುಗಳು ಎಳೆಗೆ ಹತ್ತಿಕೊಳ್ಳುವುವು. ಬಟ್ಟೆ ಒಣಗಿದಾಗ ಎಳೆಗಳ ಮೇಲೆ ಜಿಡ್ಡಿನ ತೆಳುವಾದ ಲೇಪ ಉಳಿಯುವುದು. ಒಂದು ಬಾಲದ ಉದ್ದ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಸುಮಾರು ಎರಡು ಪಾಲು, ಇಷ್ಟೇ ಸಾಕು. ನಾರುಗಳು ಒಂದರ ಮೇಲೊಂದು ಜಾರುವುವು, ಬಟ್ಟೆ ಕೈಗೆ ಮೆತ್ತಗೆ ತಗಲುವುದು. ನಾವು ಮೃದುತ್ವವೆಂದು ಕರೆಯುವುದು ಹೀಗೆ ಎಣ್ಣೆ ಹಚ್ಚಿದ ಕೀಲಿನ ಜಾರಿಕೆಯೇ.

ಮೃದುಕಾರಕವನ್ನು ಕೊನೆಯ ಜಾಲಾಟದಲ್ಲಿಯೇ ಹಾಕಬೇಕೆಂದು ಹೇಳುವುದಕ್ಕೂ ವಿದ್ಯುದಂಶವೇ ಕಾರಣ. ಒಗೆಯುವ ಪುಡಿಗಳ ಮುಖ್ಯ ಅಣುಗಳಲ್ಲಿ ಸಾಮಾನ್ಯವಾಗಿ ಋಣ ವಿದ್ಯುದಂಶವಿರುತ್ತದೆ. ಎರಡನ್ನೂ ಒಟ್ಟಿಗೆ ಹಾಕಿದರೆ ಅವು ಪರಸ್ಪರ ಕಟ್ಟಿಕೊಂಡು ಗಸಿಯಾಗುವುವು. ಕೊಳೆಯೂ ಹೋಗದು, ಬಟ್ಟೆಯೂ ಮೆತ್ತಗಾಗದು.

ಇವೆರಡೂ ಕೂಡಿದಾಗ

ಈಗ ನಮ್ಮ ಚೌಕವನ್ನು ಈ ದ್ರವದಲ್ಲಿ ಅದ್ದೋಣ. ಮೊದಲನೆಯ ಕೇಡು ಸ್ಪರ್ಶಕೋನಕ್ಕೆ. ಜಿಡ್ಡಿನ ಲೇಪದಿಂದ ಕೋನ ಹತ್ತು ಡಿಗ್ರಿ ಹೆಚ್ಚಿತೆಂದು ಭಾವಿಸೋಣ. ಹತ್ತಿಯ ಟವೆಲಿನಲ್ಲಿ ಅದು ೨೦ ಡಿಗ್ರಿಯಿಂದ ೩೦ಕ್ಕೆ ಏರಿದರೆ ಕೊಸೈನ್ ೦.೯೪ರಿಂದ ೦.೮೭ಕ್ಕೆ ಇಳಿಯುವುದು. ನಷ್ಟ ನೂರಕ್ಕೆ ಎಂಟರಷ್ಟು. ಮೈ ಒರಸಿಕೊಳ್ಳುವವನಿಗೆ ಇದು ಗೊತ್ತಾಗುವುದೂ ಇಲ್ಲ. ಪಾಲಿಯೆಸ್ಟರಿನ ಎಳೆಯಲ್ಲಿ ಅದೇ ಹತ್ತು ಡಿಗ್ರಿ ಹೆಚ್ಚಿ, ಕೋನ ೭೫ರಿಂದ ೮೫ಕ್ಕೆ ಏರಿದರೆ ಕೊಸೈನ್ ೦.೨೬ರಿಂದ ೦.೦೯ಕ್ಕೆ ಇಳಿಯುವುದು. ಮೂರರಲ್ಲಿ ಎರಡು ಪಾಲು ನಷ್ಟ! ೫ ಮೈಕ್ರೋಮೀಟರ್ ತ್ರಿಜ್ಯದ ಸಂದು ನೀರನ್ನು ಸುಮಾರು ೭೬ ಸೆಂಟಿಮೀಟರಿಗೆ ಎಳೆಯಬಲ್ಲುದಾಗಿದ್ದರೆ ಈಗ ೨೬ ಸೆಂಟಿಮೀಟರಿಗೆ ಮಾತ್ರ ಎಳೆಯಬಲ್ಲುದು. ಇನ್ನೂ ಐದು ಡಿಗ್ರಿ ಏರಿದರೆ ಎಳೆತವೇ ಇಲ್ಲ. ಕೊಸೈನಿನ ವಕ್ರರೇಖೆ ಸೊನ್ನೆ ಡಿಗ್ರಿಯ ಬಳಿ ಬಯಲಿನಂತೆ ಸಮವಾಗಿಯೂ ೯೦ರ ಬಳಿ ಇಳಿಜಾರಾಗಿಯೂ ಇರುವುದನ್ನು ನೀವು ಪಠ್ಯಪುಸ್ತಕದಲ್ಲಿ ನೋಡಿದ್ದೀರಿ. ಹತ್ತಿ ಬಯಲಿನಲ್ಲಿ ನಿಂತಿದೆ. ಪಾಲಿಯೆಸ್ಟರ್ ಇಳಿಜಾರಿನ ಅಂಚಿನಲ್ಲಿ ನಿಂತಿದೆ. ಒಂದೇ ನೂಕು ಎರಡಕ್ಕೂ ಬಿದ್ದರೂ ಉರುಳುವುದು ಎರಡನೆಯದೇ. ಇಲ್ಲಿಯ ಹತ್ತು ಡಿಗ್ರಿ ಉದಾಹರಣೆಗೆ ತೆಗೆದುಕೊಂಡದ್ದು. ನಿಜವಾದ ಬೆಲೆ ದ್ರವವನ್ನೂ ಬಟ್ಟೆಯನ್ನೂ ಎಷ್ಟು ಸಲ ಒಗೆದಿರೆಂಬುದನ್ನೂ ಅವಲಂಬಿಸುವುದು.

ಎರಡನೆಯ ಕೇಡು ಸಂದುಗಳಿಗೆ. ಪ್ರತಿ ಸಲದ ಒಗೆತದಲ್ಲೂ ಲೇಪದ ಮೇಲೆ ಲೇಪ ಕೂಡುತ್ತಾ ಹೋದರೆ, ಚೂರೆಳೆಗಳ ನಡುವಣ ಕಿರಿಯ ಸಂದುಗಳು ಜಿಡ್ಡಿನಿಂದ ಕಟ್ಟಿಕೊಳ್ಳುವುವು, ಚೂಪಾದ ಅಂಚುಗಳು ಮೊಂಡಾಗುವುವು. ಮೈಯ ವಿಸ್ತಾರ ಹೆಚ್ಚೆಂಬುದೇ ಇಲ್ಲಿ ಶಾಪವಾಗುವುದು. ನೀರು ನಿಲ್ಲುವುದಕ್ಕೆ ಎಷ್ಟು ಸ್ಥಳವಿತ್ತೋ ಜಿಡ್ಡು ಹಿಡಿಯುವುದಕ್ಕೂ ಅಷ್ಟೇ ಸ್ಥಳವುಂಟು.

ಮೂರನೆಯದು ಧೂಳಿನ ವಿಷಯ. ಒಣಗಿದ ಮೈಕ್ರೋಫೈಬರನ್ನು ಉಜ್ಜಿದಾಗ ಅದರಲ್ಲಿ ವಿದ್ಯುದಂಶ ಕೂಡಿಕೊಂಡು, ಬಾಚಣಿಗೆ ಕಾಗದದ ಚೂರುಗಳನ್ನು ಎಳೆಯುವಂತೆ, ಧೂಳನ್ನು ಎಳೆಯುವುದು. ಮೃದುಕಾರಕದ ಅಣುಗಳು ಗಾಳಿಯ ತೇವವನ್ನು ಹಿಡಿದಿಟ್ಟು ಈ ವಿದ್ಯುದಂಶವನ್ನು ಹರಿಯಗೊಡುತ್ತವೆ. ಸೀರೆ ಷರಟುಗಳು ಮೈಗೆ ಅಂಟದಂತೆ ಮಾಡುವ ಈ ಗುಣ ಅಲ್ಲಿ ಉಪಕಾರ, ಇಲ್ಲಿ ಅಪಕಾರ.

ನಾಲ್ಕನೆಯದು ಅಂದು ನಮ್ಮ ಪಟ್ಟಕಗಳಿಗೆ ಒದಗಿದ್ದು. ಲೇಪದ ಒಂದಂಶ ಉಜ್ಜಿದಾಗ ಬಟ್ಟೆಯಿಂದ ಗಾಜಿಗೆ ಹತ್ತಿಕೊಳ್ಳುವುದು. ನೀರಿನಲ್ಲಿ ಮುಳುಗಿದ ಗಾಜಿನಂತೆ ತೇವವಾದ ಗಾಜಿನ ಮೈಯಲ್ಲೂ ಋಣ ವಿದ್ಯುದಂಶವಿರುವುದರಿಂದ ಆ ಅಣುಗಳಿಗೆ ಗಾಜೂ ಪ್ರಿಯವೇ. ಒರಸಿದಷ್ಟೂ ಮಸಕು ಹೆಚ್ಚಿದ್ದು ಈ ಕಾರಣದಿಂದ. ಕನ್ನಡಕವನ್ನೂ ಕೈಫೋನಿನ ಗಾಜನ್ನೂ ಒರಸುವಾಗ ನಿಮಗೂ ಇಂಥ ಅನುಭವವಾಗಿರಬಹುದು.

ಮಾಡಿ ನೋಡಿ

ಹೇಳಿದ್ದನ್ನು ನಂಬಬೇಡಿ, ಪರೀಕ್ಷಿಸಿ. ಒಂದು ಹೊಸ ಮೈಕ್ರೋಫೈಬರ್ ಬಟ್ಟೆಯನ್ನು ಒಗೆಯುವ ಪುಡಿಯಿಂದ ಒಮ್ಮೆ ಒಗೆದು ಚೆನ್ನಾಗಿ ಜಾಲಾಡಿ ಒಣಗಿಸಿ. ಅದರಿಂದ ೨ ಸೆಂಟಿಮೀಟರ್ ಅಗಲ, ೧೫ ಸೆಂಟಿಮೀಟರ್ ಉದ್ದದ ಎರಡು ಪಟ್ಟಿಗಳನ್ನು ಒಂದೇ ದಿಕ್ಕಿನಲ್ಲಿ ಕತ್ತರಿಸಿ. ಒಂದು ಲೀಟರ್ ನೀರಿಗೆ ಒಂದು ಚಹದ ಚಮಚ ಮೃದುಕಾರಕ ಬೆರಸಿ, ಒಂದು ಪಟ್ಟಿಯನ್ನು ಅದರಲ್ಲಿ ಹತ್ತು ನಿಮಿಷ ಇಟ್ಟು, ಹಿಂಡಿ, ನೆರಳಿನಲ್ಲಿ ಒಣಗಿಸಿ. ಹೀಗೆ ಮೂರು ಸಲ ಮಾಡಿ. ಇನ್ನೊಂದು ಪಟ್ಟಿಯನ್ನು ಬರಿಯ ನೀರಿನಲ್ಲಿ ಅದೇ ರೀತಿ ಮೂರು ಸಲ ಅದ್ದಿ ಒಣಗಿಸಿ. ಇಲ್ಲದಿದ್ದರೆ ಹೋಲಿಕೆ ನ್ಯಾಯವಾಗದು.

ಮೊದಲು ಎರಡು ಪಟ್ಟಿಗಳ ಮೇಲೂ ಒಂದೊಂದು ಹನಿ ನೀರನ್ನು ಒಂದೇ ಎತ್ತರದಿಂದ ಬಿಟ್ಟು, ಇಂಗುವುದಕ್ಕೆ ಎಷ್ಟು ಸೆಕೆಂಡು ಹಿಡಿಯಿತೆಂದು ಎಣಿಸಿ. ಆಮೇಲೆ ಪಟ್ಟಿಗಳನ್ನು ಒಣಗಿಸಿ ನೇತುಹಾಕಿ, ಕೆಳಗಿನ ಒಂದು ಸೆಂಟಿಮೀಟರ್ ಮಾತ್ರ ಶಾಯಿ ಬೆರಸಿದ ನೀರಿನಲ್ಲಿ ಮುಳುಗಿರಲಿ. ೧, ೨, ೫, ೧೦ ನಿಮಿಷಗಳಲ್ಲಿ ಬಣ್ಣ ಎಷ್ಟು ಎತ್ತರಕ್ಕೆ ಏರಿತೆಂದು ಗುರುತು ಹಾಕಿ. ಅಮೆರಿಕದ ಎಡ್ವರ್ಡ್ ವಾಷ್‌ಬರ್ನ್ ೧೯೨೧ರಲ್ಲಿ ಕೊಟ್ಟ ಸೂತ್ರದಂತೆ, ಏರಿಕೆ ಅಲ್ಪವಾಗಿರುವವರೆಗೆ ಎತ್ತರದ ವರ್ಗ ಕಾಲಕ್ಕೆ ಅನುಪಾತದಲ್ಲಿರುವುದು. ಎತ್ತರದ ವರ್ಗವನ್ನೂ ಕಾಲವನ್ನೂ ತೆಗೆದುಕೊಂಡು ನಕ್ಷೆ ಬರೆದರೆ ಹೆಚ್ಚು ಕಡಮೆ ಸರಳರೇಖೆ ಬರಬೇಕು. ಸಂದುಗಳ ಗಾತ್ರ ಬದಲಾಗಿಲ್ಲವೆಂದಿಟ್ಟುಕೊಂಡರೆ, ಎರಡು ರೇಖೆಗಳ ಏರುಗಳ ನಿಷ್ಪತ್ತಿ ಎರಡು ಕೊಸೈನುಗಳ ನಿಷ್ಪತ್ತಿಯೇ. ಒಂದು ಅಳತೆಪಟ್ಟಿ, ಒಂದು ಗಡಿಯಾರ ಇವೆರಡರಿಂದಲೇ ಕಣ್ಣಿಗೆ ಕಾಣದ ಲೇಪವೊಂದರ ಪ್ರಭಾವವನ್ನು ಅಳೆದಂತಾಯಿತು! ಹಳೆಯ ಹತ್ತಿಯ ಬಟ್ಟೆಯಿಂದಲೂ ಇದೇ ಪ್ರಯೋಗ ಮಾಡಿ ಹೋಲಿಸಿ.

ಒಗೆಯುವ ಬಗೆ

ಹಾಗಾದರೆ ಮಾಡಬೇಕಾದ್ದೇನು? ಮೈಕ್ರೋಫೈಬರ್ ಬಟ್ಟೆಗಳನ್ನು ಪ್ರತ್ಯೇಕವಾಗಿ ಒಗೆಯಿರಿ. ಯಂತ್ರದ ಕೊನೆಯ ಜಾಲಾಟಕ್ಕೆ ಬೀಳುವ ಮೃದುಕಾರಕಕ್ಕೆ ಇದು ಸೀರೆ, ಇದು ಒರಸುವ ಚೌಕ ಎಂಬ ಭೇದ ತಿಳಿಯದು. ಹತ್ತಿಯ ಟವೆಲುಗಳೊಡನೆ ಒಗೆದರೆ ಇನ್ನೊಂದು ತೊಂದರೆ: ಹತ್ತಿಯಿಂದ ಉದುರುವ ಜುಂಗನ್ನು ಚೂಪಾದ ಎಳೆಗಳು ಹಿಡಿದುಕೊಂಡು, ಬಳಿಕ ಗಾಜಿನ ಮೇಲೆ ಬಿಡುವುವು. ಉಗುರು ಬೆಚ್ಚಗಿನ ನೀರು, ಸ್ವಲ್ಪವೇ ಒಗೆಯುವ ಪುಡಿ, ಧಾರಾಳವಾದ ಜಾಲಾಟ ಇಷ್ಟು ಸಾಕು. ಬಿಳುಪುಮಾಡುವ ಕ್ಲೋರಿನ್ ಪದಾರ್ಥಗಳು ಪಾಲಿಅಮೈಡನ್ನು ಕೆಡಿಸುತ್ತವೆ. ಇಸ್ತ್ರಿಯ ಬಿಸಿಗೆ ಸಣ್ಣ ಎಳೆಗಳು ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಳ್ಳಬಹುದು.

ಕೊಳವೆಬಾವಿಯ ಗಡಸು ನೀರು ಬರುವ ಊರುಗಳಲ್ಲಿ ಸಾಬೂನನ್ನು ಬಳಸದಿರುವುದು ಲೇಸು. ಗಡಸು ನೀರಿನ ಕ್ಯಾಲ್ಸಿಯಮ್ ಸಾಬೂನಿನೊಡನೆ ಕೂಡಿ ನೀರಿನಲ್ಲಿ ಕರಗದ ಗಸಿಯಾಗುವುದು. ಬಕೀಟಿನ ಅಂಚಿಗೆ ಹತ್ತುವ ಆ ಬಿಳಿಯ ಜಿಡ್ಡು ಎಳೆಗಳಿಗೂ ಹತ್ತಿಕೊಂಡು ಮೃದುಕಾರಕದಂಥದೇ ಕೇಡನ್ನು ಮಾಡುವುದು.

ಈಗಾಗಲೇ ಜಿಡ್ಡಾದ ಬಟ್ಟೆಯನ್ನು ಬಿಸಾಡಬೇಕಾಗಿಲ್ಲ. ಕೈ ತಾಳುವಷ್ಟು ಬಿಸಿಯಾದ ನೀರಿನಲ್ಲಿ ಒಗೆಯುವ ಪುಡಿ ಕರಗಿಸಿ, ಬಟ್ಟೆಯನ್ನು ಒಂದು ಗಂಟೆ ನೆನೆಹಾಕಿ, ಒಗೆದು, ಮತ್ತೆ ಮತ್ತೆ ಜಾಲಾಡಿ. ಪುಡಿಯ ಋಣ ಅಣುಗಳು ಲೇಪದ ಧನ ಅಣುಗಳನ್ನು ಕಟ್ಟಿಕೊಂಡು ಸ್ವಲ್ಪ ಸ್ವಲ್ಪವಾಗಿ ಬಿಡಿಸುವುವು. ಒಂದೇ ಸಲಕ್ಕೆ ಆಗದಿದ್ದರೆ ಮೂರು ನಾಲ್ಕು ಸಲ ಮಾಡಿ, ಪ್ರತಿ ಸಲವೂ ಒಂದು ಹನಿ ನೀರನ್ನು ಹಾಕಿ ಪರೀಕ್ಷಿಸಿ. ಹೀಗೆ ಉಳಿಸಿಕೊಳ್ಳುವುದಕ್ಕೆ ಇನ್ನೊಂದು ಕಾರಣವೂ ಉಂಟು. ಈ ಎಳೆಗಳು ಪ್ಲಾಸ್ಟಿಕ್ಕಿನ ಜಾತಿಯವು. ಕೃತಕ ಎಳೆಯ ಬಟ್ಟೆಗಳನ್ನು ಒಗೆದಾಗಲೆಲ್ಲ ಕಣ್ಣಿಗೆ ಕಾಣದ ಚೂರುಗಳು ನೀರಿಗೆ ಸೇರುತ್ತವೆ. ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯದ ಇಮೋಜನ್ ನ್ಯಾಪರ್ ಮತ್ತು ರಿಚರ್ಡ್ ಥಾಂಪ್ಸನ್ ೨೦೧೬ರಲ್ಲಿ ಅಂದಾಜು ಮಾಡಿದಂತೆ, ಅಕ್ರಿಲಿಕ್ ಬಟ್ಟೆಯ ೬ ಕಿಲೋಗ್ರಾಮಿನ ಒಂದು ಒಗೆತದಿಂದ ಏಳು ಲಕ್ಷಕ್ಕೂ ಹೆಚ್ಚು ಎಳೆಚೂರುಗಳು ಹೊರಬೀಳಬಹುದು. ಬಟ್ಟೆಯನ್ನು ಬೇಕಾದಾಗ ಮಾತ್ರ ಒಗೆದು, ಬಹುಕಾಲ ಬಾಳಿಸುವುದು ಹೊಳೆ ಕೆರೆಗಳಿಗೂ ಹಿತ.

ಮೃದುಕಾರಕವನ್ನು ದೂಷಿಸಬೇಕಾಗಿಲ್ಲ. ಹೊದಿಕೆಗಳಿಗೆ, ಉಡುವ ಹತ್ತಿಯ ಬಟ್ಟೆಗಳಿಗೆ ಅದು ಹೇಳಿದ ಕೆಲಸವನ್ನು ಮಾಡುತ್ತದೆ. ಆದರೆ ಮೈಗೆ ಹಿತವಾಗುವ ಗುಣ ಬೇರೆ, ನೀರನ್ನು ಹೀರುವ ಗುಣ ಬೇರೆ. ಒಂದನ್ನು ಹೆಚ್ಚಿಸುವ ಲೇಪ ಇನ್ನೊಂದನ್ನು ಕೊಲ್ಲಬಹುದು. ಮೆತ್ತಗಿರುವ ಬಟ್ಟೆಯೆಲ್ಲ ಒಳ್ಳೆಯ ಒರಸುವ ಬಟ್ಟೆಯೆಂದು ಕೈಯಿಂದ ಮುಟ್ಟಿ ತೀರ್ಮಾನಿಸುವವನು ಮೋಸಹೋಗುತ್ತಾನೆ. ಒಂದು ಹನಿ ನೀರನ್ನು ಹಾಕಿ ಕೇಳುವವನಿಗೆ ಸರಿಯಾದ ಉತ್ತರ ಸಿಕ್ಕುತ್ತದೆ.

ಮಾರನೆಯ ದಿನ ಪರೀಕ್ಷೆಯ ಎರಡನೆಯ ತಂಡ ಬಂದಾಗ, ಹಿಂದಿನ ದಿನ ಗದರಿಸಿದ ಜಾಗದಲ್ಲಿಯೇ ನಿಂತು, ತಪ್ಪು ನನ್ನದೆಂದು ಸಹಾಯಕರಿಗೆ ಹೇಳಿದೆ. ಬಟ್ಟೆಯನ್ನು ಹೇಗೆ ಒಗೆಯಬೇಕೆಂದು ಅವರಿಗೆ ಯಾರೂ ತಿಳಿಸಿರಲಿಲ್ಲ, ತಿಳಿಸಬೇಕಾಗಿದ್ದವನು ನಾನು. ಮೇಲಿನ ಪ್ರಯೋಗದ ಮೊದಲ ಎರಡು ಪಟ್ಟಿಗಳನ್ನು ಕತ್ತರಿ ಹಿಡಿದು ಕತ್ತರಿಸಿದವರು ಅವರೇ. ನಾಲ್ಕು ಸಲ ಬಿಸಿನೀರಿನಲ್ಲಿ ಒಗೆದ ಮೇಲೆ ಚೌಕಗಳ ಸುವಾಸನೆ ಹೋಯಿತು, ಮೃದುತ್ವವೂ ಕೊಂಚ ಕಡಮೆಯಾಯಿತು; ಅವುಗಳ ಮೇಲೆ ಬಿಟ್ಟ ಹನಿ ಈಗ ಬಿದ್ದಲ್ಲೇ ಇಂಗಿಹೋಗುತ್ತದೆ.